ಸತ್ತೆವ್ವನಿಗೆ ನೀನು ಕೊಟ್ಟ ಉತ್ತರ

ತಮ್ಮ ಮಲ್ಲೇಶನಿಗೆ ಅಕ್ಕನ ಆಶೀರ್ವಾದ.

ಮೊದಲೇ ಹೇಳಿಬಿಡುತ್ತೇನೆ, ಈ ಕಾಗದ ಬರೆಯಲು ನನಗೆ ಮನಸ್ಸಿರಲಿಲ್ಲ. ನೀನೇ ಬರೆಸಿದ್ದು. ಫೋನ್ ಮಾಡಿದರೆ ರಿಂಗಾಗಿ ರಿಂಗಾಗಿ ನಿಲ್ಲುತ್ತದೆ. ಅಮೋಲನ ಫೋನಿನಿಂದ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ 'ಅಕ್ಕಾ, ಮೀಟಿಂಗ್‌ನಾಗ ಅದೀನಿ' ಅಂತ ಇಟ್ಟುಬಿಡುತ್ತೀ. ನಿವೃತ್ತಿಯಾಗಿ ಮನೆಯಲ್ಲಿ ಕೂತ ಮನುಷ್ಯನಿಗೆ ಅದ್ಯಾವ ಮೀಟಿಂಗು? ದ್ರಾಕ್ಷಿ ಕತ್ತರಿ ಹಿಡಿದು ಹಿಡಿದು ನನ್ನ ಹೆಬ್ಬೆರಳು ಸೊಟ್ಟಗಾಗಿದೆ, ಅದರ ಸಂದಿಯಲ್ಲಿ ಪೆನ್ನು ನಿಲ್ಲುವುದಿಲ್ಲ. ಎರಡು ಸಾಲು ಬರೆಯುವುದರೊಳಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಅಕ್ಷರ ಇನ್ನೂ ಕೆಡುತ್ತದೆ. ಅಮೋಲ, 'ನೀ ಹೇಳು ಬೇ, ನಾ ಟೈಪ್ ಮಾಡಿ ಕಳಸ್ತೀನಿ' ಅಂದ. ಬೇಡ ಅಂದೆ. ಇದರಲ್ಲಿ ಬರುವ ಮಾತು ಅವನ ಮುಂದೆ ಆಡುವಂಥದ್ದಲ್ಲ. ನನ್ನ ಮಗನಾದರೇನು, ಅವನೂ ಆ ಪ್ರವಚನ ಮಂಟಪದ ಕಮಿಟಿಯಲ್ಲಿ ಇದ್ದಾನಲ್ಲ.

ಐದನೆಯ ಇಯತ್ತೆಗೆ ಶಾಲೆ ಬಿಟ್ಟವಳ ಕೈಬರಹ ಇದು. ಅರ್ಥವಾಗದಿದ್ದರೆ ಎರಡು ಸಲ ಓದು. ನಿನ್ನನ್ನು ಆಡಿಸುವುದಕ್ಕೆ ಅಂತ ನನ್ನ ಶಾಲೆ ಬಿಡಿಸಿದರು ಎಂದು ನೀನು ಹೋದ ಶ್ರಾವಣದಲ್ಲಿ ಮೈಕಿನಲ್ಲಿ ಹೇಳಿದೆ, ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅದು ಸುಳ್ಳು. ಆ ಮಾಸ್ತರ ಕಿವಿ ಹಿಂಡುತ್ತಿದ್ದ, ನನಗೆ ಬೇಜಾರಾಯಿತು, ಬಿಟ್ಟೆ. ನೀನು ಹುಟ್ಟಿದ್ದು ಅದಾದ ಮೇಲೆ. ಯಾರೋ ಅಳಲಿ ಅಂತ ನೀನು ಸುಳ್ಳು ಹೇಳಿದ್ದು ಅದೇ ಮೊದಲು ಅಂತ ಕಾಣುತ್ತದೆ. ನಾನು ಆಗಲೇ ಎದ್ದು ನಿಂತು ಬೈಯಬೇಕಾಗಿತ್ತು.

ಇರಲಿ. ವಿಷಯಕ್ಕೆ ಬರುತ್ತೇನೆ.

ಮೊನ್ನೆ ತೋಟಕ್ಕೆ ಹೊಡೆಯುವ ಔಷಧಿ ತರಲು ಅಮೋಲನ ಗಾಡಿಯಲ್ಲಿ ಕಾಗವಾಡಕ್ಕೆ ಹೋಗಿದ್ದೆ. ಸರ್ಕಲ್ಲಿನಲ್ಲಿ ದೊಡ್ಡದೊಂದು ಫ್ಲೆಕ್ಸ್. ನಮ್ಮೂರ ಮಂಟಪದಲ್ಲಿ ಶ್ರಾವಣ ಮಾಸ ಪೂರ್ತಿ ಪ್ರವಚನ, ಪ್ರವಚನಕಾರರು ಜ್ಞಾನಯೋಗಿ ಮಲ್ಲೇಶ ಶರಣರು. ಮೊದಲು ನಾನು ಗುರುತು ಹಿಡಿಯಲಿಲ್ಲ. ಮೈಮೇಲೆ ಕಾವಿ ಶಾಲು, ಹಣೆಯ ತುಂಬ ವಿಭೂತಿ, ತಲೆಯ ಹಿಂದೆ ಬಿಸಿಲು ಹುಟ್ಟಿದ ಹಾಗೆ ಒಂದು ಬೆಳಕು. ಕನ್ನಡಕ ತೆಗೆಸಿದ್ದಾರೆ. ಕನ್ನಡಕ ಇಲ್ಲದಿದ್ದರೆ ನೀನು ಊಟದ ತಾಟಿನಲ್ಲಿ ಉಪ್ಪು ಎಲ್ಲಿದೆ ಅಂತ ಕೈಯಾಡಿಸಿ ಹುಡುಕುವವನು. ಆ ಚಿತ್ರದಲ್ಲಿ ಮಾತ್ರ ಎಲ್ಲವನ್ನೂ ನೋಡಿಬಿಟ್ಟವನ ಹಾಗೆ ಕಣ್ಣರಳಿಸಿ ನಕ್ಕಿದ್ದೀ. ಅಮೋಲ, 'ಯವ್ವಾ, ಮಾಮಾಂದು ಫೋಟೋ ಎಷ್ಟ ಚಲೋ ಬಂದೈತಿ ನೋಡ' ಅಂದ. 'ಗಾಡಿ ಹೊಡಿ' ಅಂದೆ.

ನಾನು ದೇವರ ವಿರುದ್ಧ ಹೇಳುತ್ತಿದ್ದೇನೆ ಅಂತ ತಿಳಿದುಕೊಳ್ಳಬೇಡ. ಐತವಾರ ಮಂಗಸೂಳಿ ಮಲ್ಲಯ್ಯನ ಮುಖ ನೋಡದೆ ನಾನು ಬಾಯಿಗೆ ಚಹಾ ಹಾಕುವುದಿಲ್ಲ. ನನ್ನ ಸೀರೆಯ ಅಂಚಿನಿಂದ ಭಂಡಾರದ ಅರಿಶಿನ ಹೋಗುವುದಿಲ್ಲ, ಹೋಗುವುದೂ ಬೇಡ. ನಿನ್ನ ಭಾವ ತೀರಿಕೊಂಡಾಗ ನಾನು ಆ ಗುಡಿಯ ಮೆಟ್ಟಿಲಲ್ಲಿ ಕೂತಿರದಿದ್ದರೆ ಎಲ್ಲಾದರೂ ಬಾವಿ ನೋಡಿಕೊಳ್ಳುತ್ತಿದ್ದೆನೇನೋ. ನನಗೆ ದೇವರಿದ್ದಾನೆ. ಆದರೆ ನಮ್ಮ ಮನೆಯಲ್ಲಿ ಒಬ್ಬನಾದರೂ ಕೇಳುವವನು ಇದ್ದಾನೆ ಅನ್ನುವುದು ನನಗೆ ಒಳಗೊಳಗೆ ಹೆಮ್ಮೆಯಾಗಿತ್ತು. ನಿನ್ನ ಎದುರಿಗೆ ಯಾವತ್ತೂ ಹೇಳಿರಲಿಲ್ಲ. ಹೇಳಿದರೆ ತಲೆಯ ಮೇಲೆ ಕೂಡುತ್ತಿದ್ದೆ.

ನೀನು ಸಣ್ಣವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಮಲ್ಲಯ್ಯನ ಗುಡಿಗೆ ಬಂದಿದ್ದೆ. ಜನ ಭಂಡಾರ ಎರಚುತ್ತಿದ್ದರು. ನೀನು ಪೂಜಾರಿಗೆ, 'ದೇವರ ಕಣ್ಣಾಗ ಅದು ಹೋದ್ರ ಉರಿಯಂಗಿಲ್ಲೇನ್ರಿ? ಒಮ್ಮೆ ನೀರ ಹಾಕಿ ತೊಳೀರಿ' ಅಂದೆ. ಪೂಜಾರಿ ಹೊಟ್ಟೆ ಹಿಡಿದು ನಕ್ಕು ಅಪ್ಪನಿಗೆ, 'ಮುರಗೆಪ್ಪಾ, ಇವ ವಕೀಲ ಆಗ್ತಾನ ನೋಡ' ಅಂದ. ನೀನು ಅಷ್ಟಕ್ಕೇ ಬಿಡಲಿಲ್ಲ. 'ನಕ್ರ ಹೆಂಗ, ಉರಿತೈತೋ ಇಲ್ಲೋ ಹೇಳ್ರಿ' ಅಂತ ಅತ್ತೆ. ಆ ಪೂಜಾರಿ ಒಳ್ಳೆಯವನು. ತಂಬಿಗೆ ತಂದು ದೇವರ ಕಣ್ಣು ಒರೆಸಿ ತೋರಿಸಿದ. ಆಗಿನವರಿಗೆ ಅಷ್ಟು ತಾಳ್ಮೆ ಇತ್ತು.

ಆಮೇಲೆ ನೀನು ಡಿಗ್ರಿಗೆ ತತ್ವಶಾಸ್ತ್ರ ತೆಗೆದುಕೊಂಡೆ ಅಂತ ಗೊತ್ತಾದಾಗ ಅಪ್ಪ ದ್ರಾಕ್ಷಿ ಚಪ್ಪರದ ಕೆಳಗೆ ತಂತಿ ಬಿಗಿಯುತ್ತಿದ್ದ. 'ಅದನ್ನ ಕಲ್ತರ ಏನಾಗ್ತೈತೊ?' ಅಂದ. 'ವಿಚಾರ ಹೆಂಗ ಮಾಡಬೇಕು ಅನ್ನೂದು ತಿಳೀತೈತಿ ಅಪ್ಪಾ' ಅಂದೆ ನೀನು. 'ಅಂದ್ರ ನಾವೆಲ್ಲಾ ವಿಚಾರ ಮಾಡದನ ಈ ತೋಟ ಹಚ್ಚೀವೇನು?' ಅಂತ ಅಪ್ಪ ಕೈಯಲ್ಲಿದ್ದ ಇಕ್ಕಳ ಎಸೆದ. ನೀನು ಅದನ್ನು ಎತ್ತಿ ಅವನ ಕೈಗೇ ಕೊಟ್ಟು, 'ನೀ ಮಾಡೀದಿ ಅಂತನ ನನಗ ಆಸೆ ಹುಟ್ಟೈತಿ' ಅಂದೆ. ಅಪ್ಪ ಅದನ್ನು ಹಿಡಿದು ಮತ್ತೆ ತಂತಿ ಬಿಗಿಯುತ್ತ ಹೋದ. ಆಮೇಲೆ ಸಂತೆಯಲ್ಲಿ ಯಾರಾದರೂ ಕೇಳಿದರೆ 'ನನ್ನ ಮಗಾ ವಿಚಾರದ್ದು ಓದಾಕತ್ತಾನ' ಅಂತ ಹೇಳುತ್ತಿದ್ದ. ಕೇಳಿದವರಿಗೆ ತಿಳಿಯುತ್ತಿರಲಿಲ್ಲ, ಹೇಳಿದವನಿಗೂ ತಿಳಿಯುತ್ತಿರಲಿಲ್ಲ. ಆದರೂ ಮರ್ಯಾದೆ ಇತ್ತು.

ನಾನು ಒಮ್ಮೆ ಚಿಕ್ಕೋಡಿಗೆ ಕಣ್ಣು ತೋರಿಸಲು ಬಂದವಳು ನಿನ್ನ ಕಾಲೇಜಿಗೂ ಬಂದಿದ್ದೆ, ನೆನಪಿದೆಯೇ? ಬಾಗಿಲ ಹೊರಗೆ ನಿಂತಿದ್ದೆ. ಒಳಗೆ ಒಬ್ಬ ಹುಡುಗ ಬೆಂಚು ಕುಟ್ಟುತ್ತಿದ್ದ, ಒಬ್ಬ ಹುಡುಗಿ ಎದ್ದು ನಿಂತು ಅವನ ಬಾಯಿ ಮುಚ್ಚಿಸುತ್ತಿದ್ದಳು. ಹಿಂದಿನ ಬೆಂಚಿನವರು ಎರಡು ಪಾರ್ಟಿ ಮಾಡಿಕೊಂಡು ಕೂಗುತ್ತಿದ್ದರು. ಜಗಳ ಹತ್ತಿದೆ, ನೀನು ಬಿಡಿಸದೆ ನಗುತ್ತ ನಿಂತಿದ್ದೀ ಅಂತ ನನಗೆ ಸಿಟ್ಟು ಬಂತು. ನೀನು ಹೊರಗೆ ಬಂದು 'ಜಗಳ ಅಲ್ಲಕ್ಕಾ, ಪಾಠ' ಅಂದೆ. ಎಂಥ ಪಾಠ ಅಂತ ಕೇಳಿದರೆ, ಮನುಷ್ಯ ತಾನು ಮಾಡಿದ್ದನ್ನು ತಾನೇ ಮಾಡುತ್ತಾನೋ ಅಥವಾ ಯಾರೋ ಮಾಡಿಸುತ್ತಾರೋ ಅನ್ನುವುದು ಅಂದೆ. ಇಷ್ಟಕ್ಕೆ ಬೆಂಚು ಮುರಿಯಬೇಕೇ ಅಂತ ನಾನು ಬೈದು ಬಂದೆ. ಆದರೆ ಬಸ್ಸಿನಲ್ಲಿ ಅಂಕಲಿ ದಾಟುವವರೆಗೂ ಅದೇ ಮಾತು ತಲೆಯಲ್ಲಿ ಕೊರೆಯಿತು. ಪಕ್ಕದಲ್ಲಿ ಕೂತವಳನ್ನೂ ಕೇಳಿದೆ. ಆಕೆ ಜಾಗ ಬದಲಿಸಿದಳು.

ಆ ಕೋಣೆ ಹೇಗೆ ಖಾಲಿಯಾಯಿತು ಅಂತ ನೀನು ನನಗೆ ಪೂರ್ತಿ ಹೇಳಲೇ ಇಲ್ಲ. ಊರಿಗೆ ಬಂದಾಗಲೆಲ್ಲ ಒಂದೊಂದು ತುಣುಕು ಬಿಡುತ್ತಿದ್ದೆ. ಈ ವರ್ಷ ಹುಡುಗರು ಕಡಿಮೆ ಅಂದೆ. ಆಮೇಲೆ ಕೋಣೆ ಸೈಕಲ್ ಸ್ಟ್ಯಾಂಡಿನ ಪಕ್ಕಕ್ಕೆ ಹೋಯಿತು ಅಂದೆ. ಆಮೇಲೆ ಅದನ್ನೂ ಪೊಲೀಸ್ ಭರ್ತಿಯ ಕೋಚಿಂಗಿಗೆ ಕೊಟ್ಟರು. ಕೊನೆಗೆ ಏಕಸಂಬಿಯಿಂದ ಬರುವ ಒಬ್ಬಳೇ ಹುಡುಗಿ ಉಳಿದಳು, ಅವಳಪ್ಪನೂ ಬಂದು, 'ಸರ, ಇದರಾಗ ನೌಕರಿ ಇಲ್ಲಂತ, ದೇವರ ವಿಷಯ ಇದ್ರ ಮನ್ಯಾಗಽ ಕಲೀತಾಳ' ಅಂತ ಬಿಡಿಸಿಕೊಂಡು ಹೋದ. ನೀನು ನಗುತ್ತ ಹೇಳಿದೆ, ನಾನೂ ನಕ್ಕೆ. ಆಮೇಲೆ ನಿನಗೆ ಪರೀಕ್ಷೆಯ ಹಾಲಿನಲ್ಲಿ ಕಾವಲು ನಿಲ್ಲುವುದು, ಲೈಬ್ರರಿಯ ಪುಸ್ತಕ ಎಣಿಸುವುದು. ಪಾಠ ಮಾಡುವ ಮನುಷ್ಯನಿಗೆ ಪಾಠವೇ ಇಲ್ಲ. ಎತ್ತನ್ನು ಕಟ್ಟಿಹಾಕಿ ಬರೇ ಮೇವು ಹಾಕುತ್ತ ಹೋದರೆ ಅದು ಹೇಗೆ ಗೋಡೆ ನೋಡುತ್ತ ನಿಲ್ಲುತ್ತದೆ, ಹಾಗೆ ನೀನು ನಮ್ಮ ಪಡಸಾಲೆಯಲ್ಲಿ ಕೂಡುತ್ತಿದ್ದೆ. ನಾನು ರೊಟ್ಟಿ ಬಡಿಯುತ್ತ ನೋಡುತ್ತಿದ್ದೆ. ಕೇಳಲಿಲ್ಲ. ಏನಂತ ಕೇಳಬೇಕು?

ಅದೇ ವರ್ಷಗಳಲ್ಲೇ ನಮ್ಮೂರಲ್ಲಿ ಮಂಟಪ ಎದ್ದಿತು. ತಗಡಿನ ಶೆಡ್ಡು ಇದ್ದದ್ದು ಸ್ಲ್ಯಾಬಾಯಿತು, ಕೆಳಗೆ ಗ್ರಾನೈಟು ಬಂತು, ಗೋಡೆಗೊಂದು ಟಿವಿ ಬಂತು. ಶ್ರಾವಣ ಬಂದರೆ ರಾಯಬಾಗ, ಅಥಣಿ ಕಡೆಯಿಂದಲೂ ಟ್ರ್ಯಾಕ್ಟರ್ ತುಂಬಿಕೊಂಡು ಜನ ಬರುತ್ತಾರೆ. ಒಂದೊಂದು ದಿನದ ಪ್ರಸಾದ ಒಂದೊಂದು ಮನೆಯ ಪಾಳಿ. ಆ ಪಾಳಿ ಸಿಗಲಿಲ್ಲ ಅಂತ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ. ನಾನೂ ಹೋಗುತ್ತೇನೆ. ಯಾಕೆ ಹೋಗುತ್ತೇನೆ ಅಂದರೆ ಅಲ್ಲಿ ಪಕ್ಕದಲ್ಲಿ ಕೂತವರು ಜಾಗ ಬದಲಿಸುವುದಿಲ್ಲ. ಯಾರೋ ಎಲೆಯಡಿಕೆ ಕೊಡುತ್ತಾರೆ, ಯಾರೋ ಮೊಣಕಾಲು ನೋವು ಹೇಗಿದೆ ಅಂತ ಕೇಳುತ್ತಾರೆ. ಮಾತು ಕೇಳಿದರೆ ಕೇಳಿದೆ, ಇಲ್ಲದಿದ್ದರೆ ಇಲ್ಲ.

ಈ ವಿಷಯದಲ್ಲಿ ನಿಮ್ಮವರ ಮೇಲೂ ನನಗೆ ಸಿಟ್ಟಿದೆ. ಸತ್ತವರ ಮನೆಗೆ ನಾವು ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗುತ್ತೇವೆ. ಸ್ವಾಮಿಗಳು ಬರುತ್ತಾರೆ, ಭಜನೆಯವರು ಬರುತ್ತಾರೆ. ನಿಮ್ಮ ತತ್ವಶಾಸ್ತ್ರದವರು ಯಾರ ಮನೆಗೆ ಯಾವತ್ತು ಬಂದರು? ಧಾರವಾಡದಲ್ಲಿ, ಕೊಲ್ಲಾಪುರದಲ್ಲಿ ಸೇರಿ ಒಬ್ಬರ ಮುಂದೆ ಒಬ್ಬರು ಹಾಳೆ ಓದಿ, ಚಹಾ ಕುಡಿದು, ಚೀಲ ಹಿಡಿದುಕೊಂಡು ವಾಪಸ್ ಬರುತ್ತಿದ್ದಿರಿ. ನಿಮ್ಮ ಮಾತು ನಮಗೆ ತಿಳಿಯುವುದಿಲ್ಲ ಅಂತ ನೀವೇ ತೀರ್ಮಾನ ಮಾಡಿದಿರಿ. ಈಗ ಜನ ಬರುತ್ತಿಲ್ಲ ಅಂದರೆ ಎಲ್ಲಿಂದ ಬರುತ್ತಾರೆ?

ಹಾಗಿದ್ದಾಗ ಹೋದ ಶ್ರಾವಣದಲ್ಲಿ ಬಾಳು ನಮ್ಮ ಮನೆಗೆ ಬಂದ. ಕಮಿಟಿಯ ಹಿರಿಯ ಅವನು, ನಿನಗೆ ಗೊತ್ತು. 'ಅಕ್ಕಾರ, ಬರಬೇಕಾದ ಸ್ವಾಮಿಗೋಳಿಗೆ ಹೊಳಿ ಅಡ್ಡ ಬಂದೈತ್ರಿ, ದಾರಿ ಬಂದ್ ಆಗೇತಿ. ನಿಮ್ಮ ತಮ್ಮ ಪ್ರೊಫೆಸರ್ ಸಾಹೇಬ್ರು ಅದಾರಲ್ಲ, ಒಂದ ವಾರ ಕೂಡ್ರಾಕ ಹೇಳ್ರಿ. ಫಿಲಾಸಫಿ ಅಂದ್ರ ದೇವರದಽ ಅಲ್ಲೇನ್ರಿ?' ಅಂದ. 'ಅಲ್ಲೋ, ಬ್ಯಾರೆ' ಅಂದೆ. 'ಬ್ಯಾರೆ ಅಂದ್ರ ಹೆಂಗ್ರಿ?' ಅಂದ. ಇಷ್ಟು ವರ್ಷ ಒಬ್ಬ ತಮ್ಮ ಅದನ್ನೇ ಕಲಿಸಿದ, ಅಕ್ಕನಿಗೆ ಎರಡು ಮಾತು ಬರಲಿಲ್ಲ. 'ಆತ ಬಿಡ್ರಿ, ಮೈಕಿನ ಮುಂದ ಎಲ್ಲಾ ಒಂದಽ' ಅಂತ ಬಾಳು ನಗುತ್ತ ಎದ್ದು ಹೋದ.

ಮೊದಲ ದಿನ ನೀನು ಪೀಠದ ಮೇಲೆ ಕೂಡಲಿಲ್ಲ, ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡೆ. 'ನಾ ಹೇಳಾಕ ಬಂದಿಲ್ಲ, ನಿಮ್ಮನ್ನ ಕೇಳಾಕ ಬಂದೀನಿ' ಅಂದೆ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಹೆಂಗಸರ ಕಡೆಯಿಂದ ಸತ್ತೆವ್ವ ಎದ್ದು ನಿಂತಳು. ಕುರಿಗಾರ ಭರಮುನ ಹೆಂಡತಿ. ಅವಳ ಮಗ ಮಾಳೇಶ ಮಳೆ ಬಂತು ಅಂತ ಕುರಿ ಹೊಡೆದುಕೊಂಡು ಬೇವಿನ ಗಿಡದ ಕೆಳಗೆ ನಿಂತಾಗ ಸಿಡಿಲು ಬಡಿದು ಹೋದದ್ದು ಊರಿಗೆಲ್ಲ ಗೊತ್ತು. ಹೆಂಡತಿ, ಕೂಸು ಎಲ್ಲ ಇದ್ದ ಹುಡುಗ. ಸತ್ತೆವ್ವ ಕೇಳಿದಳು, 'ಮಾಸ್ತರ, ನೀ ಬಾಳ ಕಲ್ತೀದಿ ಅಂತಾರ. ನನ್ನ ಮಾಳೇಶನ ಮ್ಯಾಲ ಸಿಡ್ಲು ಯಾಕ ಬಿತ್ತು? ಅವನ ಬಾಜೂಕ ನಿಂತಾವ ಉಳದಾನಲ್ಲ.'

ನೀನು ಕನ್ನಡಕ ತೆಗೆದು ಒರೆಸಿದೆ, ಮತ್ತೆ ಹಾಕಿಕೊಂಡೆ. 'ಗೊತ್ತಿಲ್ಲ ಯವ್ವಾ. ಸಿಡ್ಲು ಗಿಡ ನೋಡಿ ಬೀಳ್ತೈತಿ, ಮನಶ್ಯಾನ್ನ ನೋಡಿ ಬೀಳಂಗಿಲ್ಲ. ಅದಕ್ಕಿಂತ ಹೆಚ್ಚಿಂದು ನನಗ ಗೊತ್ತಿಲ್ಲ' ಅಂದೆ. ಸತ್ತೆವ್ವ ಕೂತಳು. ಹಿಂದಿನಿಂದ ಯಾರೋ, 'ಗೊತ್ತಿಲ್ಲಂದ್ರ ಮೈಕ್ ಯಾಕ ಹಿಡದೀರಿ ಸರ?' ಅಂದ. ಎಲ್ಲರೂ ನಕ್ಕರು. ನಾನು ತಲೆ ತಗ್ಗಿಸಿ ಕೂತೆ. ನನ್ನ ತಮ್ಮ ಇಷ್ಟು ಓದಿ ಮಂದಿಯ ಮುಂದೆ ಮರ್ಯಾದೆ ಕಳೆದ ಅನ್ನಿಸಿತು.

ಮರುದಿನ ಅರ್ಧ ಮಂಟಪ ಖಾಲಿ. ಬಾಳು ಮತ್ತೆ ಬಂದ, 'ಅಕ್ಕಾರ, ಹುಗ್ಗಿ ಉಳದು ದನಕ್ಕ ಹಾಕಿದ್ವಿ ನೋಡ್ರಿ. ಸಾಹೇಬ್ರಿಗೆ ಹೇಳ್ರಿ, ನಡುನಡುವ ಒಂದೊಂದು ಕಥಿ ಸೇರಸ್ಲಿ' ಅಂತ. ನಾನೇ ನಿನಗೆ ಬಂದು ಹೇಳಿದೆ. ನೀನು ನಕ್ಕೆ. ಮೂರನೆಯ ದಿನ ಕಥೆ ಹೇಳಿದೆ, ಯಾವನೋ ಶರಣ ಬರಿದಾದ ಹಗೇವಿನಲ್ಲಿ ಕೈಯಿಟ್ಟ ಕೂಡಲೇ ಜೋಳ ತುಂಬಿತು ಅನ್ನುವ ಕಥೆ. ಬಹಳ ಚೆನ್ನಾಗಿ ಹೇಳಿದೆ. ನನಗೇ ಮೈ ಜುಮ್ಮೆಂದಿತು. ಜನ ಚಪ್ಪಾಳೆ ಹೊಡೆದರು. ಅದರ ಮರುದಿನ ಮಂಟಪ ಮತ್ತೆ ತುಂಬಿತು, ನಿನ್ನ ಪ್ಲಾಸ್ಟಿಕ್ ಕುರ್ಚಿಯನ್ನು ಯಾರೋ ಪೀಠದ ಮೇಲೆ ಇಟ್ಟಿದ್ದರು, ಅದರ ಮರುದಿನ ಕುರ್ಚಿಯೇ ಇರಲಿಲ್ಲ, ಗಾದಿ ಇತ್ತು. ಮೊದಮೊದಲು ಯಾರಾದರೂ ಕಾಲಿಗೆ ಬೀಳಲು ಬಂದರೆ ನೀನು ಹಿಂದೆ ಸರಿಯುತ್ತಿದ್ದೆ. ಆಮೇಲೆ ಸರಿಯುವುದು ಬಿಟ್ಟೆ. ನಾನು ಎಲ್ಲ ನೋಡುತ್ತಿದ್ದೆ ಮಲ್ಲೇಶ.

ಕೊನೆಯ ದಿನ ತುಲಾಭಾರ. ಒಬ್ಬ ಪ್ರೊಫೆಸರನಿಗೆ ಮರ್ಯಾದೆ ಮಾಡುವುದು ಹೇಗೆ ಅಂತ ನಮ್ಮವರಿಗೆ ಗೊತ್ತಿಲ್ಲ, ಗೊತ್ತಿರುವುದು ಇದೊಂದೇ. ಹೊಳೆ ಕಡೆಯ ಕಬ್ಬಿನ ಊರಾದರೆ ಬೆಲ್ಲದಲ್ಲಿ ತೂಗುತ್ತಿದ್ದರು, ನಮ್ಮದು ದ್ರಾಕ್ಷಿ ಊರು. ಒಣದ್ರಾಕ್ಷಿ ಚೀಲ ತೂಗುವ ದೊಡ್ಡ ತಕ್ಕಡಿಗೆ ಬಾಳೆಕಂಬ ಕಟ್ಟಿ, ಪರಡಿಯಲ್ಲಿ ಕಂಬಳಿ ಹಾಸಿ ನಿನ್ನನ್ನು ಕೂರಿಸಿದರು. ಇನ್ನೊಂದು ಪರಡಿಗೆ ಒಬ್ಬೊಬ್ಬರು ಬುಟ್ಟಿ ಬುಟ್ಟಿ ಒಣದ್ರಾಕ್ಷಿ ಬೇದಾಣಿ ಸುರಿದರು. ಪರಡಿ ನೆಲ ಬಿಟ್ಟು ಎದ್ದಾಗ ನೀನು ಹಗ್ಗ ಗಟ್ಟಿಯಾಗಿ ಹಿಡಿದೆ. ಒಬ್ಬ ಹುಡುಗ, 'ಸಾಹೇಬ್ರು ಬಾಳ ಹಗರ ಅದಾರಪೋ, ಬೇದಾಣಿ ವಾಪಸ್ ಬಂತು!' ಅಂತ ಕೂಗಿದ. ಎಲ್ಲರೂ ನಕ್ಕರು, ನೀನೂ ನಕ್ಕೆ. ಆ ನಗುವನ್ನು ನಾನು ನೋಡಿದೆ. ನಿನ್ನ ಮುಖದಲ್ಲಿ ಅಂಥ ಕಳೆ ಆ ಬೆಂಚು ಕುಟ್ಟುವ ಹುಡುಗರ ನಡುವೆ ನೋಡಿದ್ದೆ, ಆಮೇಲೆ ನೋಡಿರಲಿಲ್ಲ. ಅಷ್ಟು ವರ್ಷ ಗೋಡೆ ನೋಡಿದವನನ್ನು ಇಡೀ ಊರು ಕಣ್ತುಂಬ ನೋಡುತ್ತಿತ್ತು. ಸುಳ್ಳು ಯಾಕೆ ಹೇಳಲಿ, ನನಗೂ ಹೊಟ್ಟೆ ತಂಪಾಯಿತು.

ಇಷ್ಟಕ್ಕೆ ನಿಂತಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ. ನೀನು ಇನ್ನೂ ತಕ್ಕಡಿಯಲ್ಲೇ ಇದ್ದೆ. ಸತ್ತೆವ್ವ ಒಂದು ಬೊಗಸೆ ಒಣದ್ರಾಕ್ಷಿ ಹಿಡಿದು ಬಂದು ಪರಡಿಗೆ ಹಾಕಿ, ಮತ್ತೆ ಅದೇ ಮಾತು ಕೇಳಿದಳು. 'ಈಗರೆ ಹೇಳ್ರಿ ಅಪ್ಪಾರ, ನನ್ನ ಮಗನ ಮ್ಯಾಲ ಯಾಕ ಬಿತ್ತು?' ಮೊದಲ ದಿನ ಅವಳು ನಿನಗೆ ಮಾಸ್ತರ ಅಂದಿದ್ದಳು, ಅವತ್ತು ಸ್ವಾಮಿಗಳಿಗೆ ಅನ್ನುವ ಹಾಗೆ ಅಪ್ಪಾರ ಅಂದಳು. ನೀನು ಅವಳನ್ನು ನೋಡಿದೆ. ಆಮೇಲೆ ಜನರನ್ನು ನೋಡಿದೆ. ಬಾಳು ಮೈಕನ್ನು ನಿನ್ನ ಬಾಯಿಯ ಹತ್ತಿರ ಹಿಡಿದ. 'ಹಿಂದಿನ ಜನ್ಮದ ಕರ್ಮ ಯವ್ವಾ. ಹಡದಾಕಿದೋ, ಹುಟ್ಟಿದಾವಂದೋ, ಯಾರದೋ ಒಬ್ಬರದು. ಅದು ತೀರಿಸಿಕೊಂಡು ಹೋತು ಅಂತ ತಿಳಕೊ' ಅಂದೆ. ಚಪ್ಪಾಳೆ ಬಿತ್ತು. ಸತ್ತೆವ್ವ ತಕ್ಕಡಿಗೆ ಹಣೆ ಹಚ್ಚಿ ನಮಸ್ಕಾರ ಮಾಡಿ ಹೋದಳು. ನೀನು ಅವಳ ಬೆನ್ನು ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ.

ನಮ್ಮ ತೋಟದ ಪಕ್ಕದ ಹೊಲದಲ್ಲಿ ಗೊಬ್ಬರಕ್ಕೆ ಅಂತ ಭರಮುನ ಕುರಿ ತರುಬಿ ನಿಲ್ಲಿಸುತ್ತೇವೆ. ಈ ಬೇಸಿಗೆಯಲ್ಲಿ ಸತ್ತೆವ್ವ ಅಲ್ಲೇ ಇದ್ದಳು. ಒಂದು ಮಧ್ಯಾಹ್ನ ಮಜ್ಜಿಗೆ ಕೊಡಲು ಹೋಗಿದ್ದೆ. ಅವಳು ಅರ್ಧಕ್ಕರ್ಧ ಇಳಿದುಹೋಗಿದ್ದಾಳೆ. ಒಪ್ಪತ್ತು ಉಣ್ಣುತ್ತಾಳಂತೆ. ಸೊಸೆ ಕೂಸನ್ನು ತಂದು ತೊಡೆಯ ಮೇಲೆ ಹಾಕಲು ಹೋದರೆ, 'ಬ್ಯಾಡ, ನನ್ನ ಮೈಯಾಗ ಪಾಪ ಐತಿ, ಅದಕ್ಕ ಹತ್ತೀತು' ಅಂತ ದೂಡುತ್ತಾಳಂತೆ. ನಾನು ಬೈದೆ. ಆಗ ಅವಳು ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ, ಒಂದು ಅಕ್ಷರ ನನ್ನದಲ್ಲ. 'ಅಕ್ಕವ್ವಾ, ನಿನ್ನ ತಮ್ಮ ಮೊದಲನೇ ದಿನ ಗೊತ್ತಿಲ್ಲ ಅಂದಿದ್ರು ನೋಡು, ಅವತ್ತ ನನಗ ಚಲೋ ನಿದ್ದಿ ಹತ್ತಿತ್ತು. ಮಗಾ ಹೋದಮ್ಯಾಲ ಅದಽ ಮೊದಲು. ಇಷ್ಟ ಕಲ್ತಾವ್ರಿಗೇ ತಿಳೀಲಿಲ್ಲಂದ್ರ ನಂದೇನ ತಪ್ಪಿಲ್ಲ, ಗಿಡ ನೋಡಿ ಬಿದ್ದೈತಿ ಅಂತ ಎದಿ ಹಗರ ಆಗಿತ್ತು. ಈಗ ಕರ್ಮ ಅಂದಾರ. ನಾ ಹಿಂದಿನ ಜನ್ಮದಾಗ ಯಾರ ಮಗನ್ನ ಕೊಂದಿದ್ನೋ ಏನೋ ಅಂತ ಕುಂತಲ್ಲಿ ನಿಂತಲ್ಲಿ ಅದಽ ಹತ್ತೈತಿ.'

ನಾನು ಮಜ್ಜಿಗೆ ಚರಿಗೆ ಅವಳ ಮುಂದೆ ಇಟ್ಟೆ. 'ಸತ್ತೆವ್ವಾ, ಅವ ಮೊದಲ ಹೇಳಿದ್ದಽ ಖರೆ. ಆಮ್ಯಾಲ ಹೇಳಿದ್ದು ಮಂದಿ ಸಲುವಾಗಿ' ಅಂದೆ. ಅವಳು ನನ್ನನ್ನು ಸಣ್ಣ ಕೂಸನ್ನು ನೋಡುವ ಹಾಗೆ ನೋಡಿದಳು. 'ಹಂಗೆಲ್ಲಾ ಅನಬ್ಯಾಡ. ಮೊದಲ ದಿವಸ ಅವರಿಗೆ ಗೊತ್ತಿರಲಿಲ್ಲ. ಆಮ್ಯಾಲ ಗೊತ್ತಾತು. ಕಲ್ತಾವ್ರು, ಮನೀಗೆ ಹೋಗಿ ಪುಸ್ತಕದಾಗ ಓದಿ ನೋಡಿರ್ತಾರ' ಅಂದಳು.

ಕೇಳಿದೆಯಾ ಮಲ್ಲೇಶ? ಬೇರೆ ಯಾವ ಸ್ವಾಮಿಯಾದರೂ ಆ ಮಾತು ಹೇಳಿದ್ದರೆ ಅವಳು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದಳೇನೋ, ನಾವೆಲ್ಲ ಬಿಡುವ ಹಾಗೆ. ನಿನ್ನದನ್ನು ಬಿಡಲಿಲ್ಲ. ಮೊದಲು ಗೊತ್ತಿಲ್ಲ ಅಂದವನು ಆಮೇಲೆ ಗೊತ್ತು ಅಂದರೆ ಅದು ಹುಡುಕಿ ತಂದದ್ದೇ ಇರಬೇಕು ಅಂತ ನಂಬಿದಳು. ನೀನು ಅಷ್ಟು ವರ್ಷ ಓದಿದ್ದು, ಕಲಿಸಿದ್ದು, ಆ ಎಲ್ಲದರ ಭಾರ ಆ ಒಂದು ಸುಳ್ಳಿನ ಮೇಲೆ ಕೂತಿದೆ. ಕಾಲೇಜಿನಲ್ಲಿ ಯಾರಿಗೂ ಬೇಡವಾದ ನಿನ್ನ ವಿದ್ಯೆಯನ್ನು ಇಡೀ ಸೀಮೆಯಲ್ಲಿ ಪೂರ್ತಿ ನಂಬಿದವಳು ಆ ಕುರಿಗಾರ ಮುದುಕಿ ಒಬ್ಬಳೇ.

ಈಗ ಅವಳು ಹರಕೆ ಹೊತ್ತಿದ್ದಾಳೆ. ಶ್ರಾವಣದ ಮೊದಲ ಐತವಾರ ಅವಳ ಗುಡಿಸಲಿನಿಂದ ಮಂಗಸೂಳಿ ಮಲ್ಲಯ್ಯನ ತನಕ ದೀಡ ನಮಸ್ಕಾರ ಹಾಕುತ್ತಾಳಂತೆ. ಮೈಯುದ್ದ ಮಲಗಿ, ಕೈ ಚಾಚಿ ಗೆರೆ ಎಳೆದು, ಎದ್ದು, ಆ ಗೆರೆಯ ಮೇಲೆ ನಿಂತು ಮತ್ತೆ ಮಲಗಬೇಕು, ಗುಡಿ ಬರುವ ತನಕ ಹೀಗೇ. ಗಟ್ಟಿ ಹುಡುಗರೇ ಅರ್ಧ ದಾರಿಯಲ್ಲಿ ನೀರು ನೀರು ಅನ್ನುತ್ತಾರೆ. ಇವಳಿಗೆ ಮೊಣಕಾಲು ಇಲ್ಲ, ಉಸಿರಿಲ್ಲ, ಹೊಟ್ಟೆಗೆ ಒಪ್ಪತ್ತಿನ ಕೂಳು. ರಸ್ತೆಯ ತುಂಬ ಜಲ್ಲಿ ಕಡಿ. ಭರಮು ಬೇಡ ಅಂತ ಅತ್ತ. ನಾನು ಬೈದೆ, ಕಾಲಿಗೂ ಬಿದ್ದೆ. ಹರಕೆ ಹೊರುವುದನ್ನು ನಾನು ತಪ್ಪು ಅನ್ನುವುದಿಲ್ಲ, ನಾನೂ ಹೊತ್ತವಳೇ. ಆದರೆ ಇವಳು ದೇವರಿಗೆ ನಮಸ್ಕಾರ ಮಾಡಲು ಹೊರಟಿಲ್ಲ. ಮಾಡದ ಕೊಲೆಗೆ ಶಿಕ್ಷೆ ತೆಗೆದುಕೊಳ್ಳಲು ಹೊರಟಿದ್ದಾಳೆ. ಯಾರು ಹೇಳಿದರೂ ಒಂದೇ ಮಾತು, 'ಅಪ್ಪಾರು ಹೇಳ್ಯಾರ.' ಆ ಅಪ್ಪಾರು ನೀನು. ಆ ಮಾತನ್ನು ವಾಪಸ್ ತೆಗೆದುಕೊಳ್ಳಲು ಈ ಭೂಮಿಯ ಮೇಲೆ ಬೇರೆ ಯಾರಿಗೂ ಆಗುವುದಿಲ್ಲ.

ಅದಕ್ಕೆ ಬಾ. ಶಾಲು ಹೊದ್ದುಕೊಂಡು ಬರಬೇಡ, ನಿನ್ನ ಹಳೆಯ ಅಂಗಿ ಹಾಕಿಕೊಂಡು ಬಾ. ಬಾಳುಗೂ ಅಮೋಲನಿಗೂ ಹೇಳಬೇಡ, ಸೀದಾ ಕುರಿ ಹಟ್ಟಿಗೆ ಬಾ, ನಾನೂ ಬರುತ್ತೇನೆ. ಅವಳ ಮುಂದೆ ನೆಲದ ಮೇಲೆ ಕೂತು, ನಾನು ಹೇಳಿದ್ದು ನನಗೆ ಗೊತ್ತಿಲ್ಲದ ಮಾತು, ಚಪ್ಪಾಳೆಯ ಆಸೆಗೆ ಹೇಳಿದೆ ಅಂತ ಹೇಳು. ಅವಳು ನಂಬದಿದ್ದರೆ ಮತ್ತೆ ಹೇಳು. ಅವತ್ತು ಪುಸ್ತಕ ನೋಡಿ ಹೇಳಲಿಲ್ಲ, ಯಾವ ಪುಸ್ತಕದಲ್ಲೂ ಅದು ಇಲ್ಲ ಅಂತ ಹೇಳು. ಜಗಳ ಮಾಡು. ಬೆಂಚು ಕುಟ್ಟುವ ಹುಡುಗರಿಗೆ ಕಲಿಸಿದವನಿಗೆ ಒಬ್ಬಳು ಮುದುಕಿಯ ಹತ್ತಿರ ಜಗಳ ಮಾಡಲು ಬರುವುದಿಲ್ಲವೇ?

ಇದರಿಂದ ನಿನಗೆ ಏನು ಹೋಗುತ್ತದೆ ಅಂತ ನನಗೆ ಗೊತ್ತಿದೆ. ಮಾತು ಊರಿಗೆ ತಿಳಿಯುತ್ತದೆ. ಮಂಟಪ ಹೋಗುತ್ತದೆ. ಬಾಳು ಬೇರೆ ಯಾರನ್ನಾದರೂ ತರುತ್ತಾನೆ, ಆ ಫ್ಲೆಕ್ಸನ್ನು ಯಾರದೋ ದನದ ಕೊಟ್ಟಿಗೆಗೆ ಹೊದಿಸುತ್ತಾರೆ. ಅಮೋಲ ನನ್ನ ಜೊತೆ ತಿಂಗಳು ಮಾತಾಡುವುದಿಲ್ಲ. ಆಮೇಲೆ ನಿನ್ನ ಮಾತು ಕೇಳುವವರು ಯಾರಿರುತ್ತಾರೆ? ಯಾರೂ ಇರುವುದಿಲ್ಲ. ಕಾಲೇಜಿನಲ್ಲಿ ಕೋಣೆ ಇಲ್ಲ, ಊರಿನಲ್ಲಿ ಪೀಠ ಇಲ್ಲ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ ತಮ್ಮಾ. ನಾನು ಬಂದು ಕೂಡುತ್ತೇನೆ ಅಂತ ಹೇಳಬಹುದು. ಆದರೆ ನನಗೆ ಅರ್ಧ ತಾಸಿಗೆ ತೂಕಡಿಕೆ ಬರುತ್ತದೆ, ಅದು ನಿನಗೂ ಗೊತ್ತು. ಜನ ಇನ್ನೆಂದಾದರೂ ನಿನ್ನ ವಿದ್ಯೆಯ ಕಡೆ ಹೊರಳುತ್ತಾರೆ ಅಂತ ಸುಳ್ಳು ಸಮಾಧಾನ ಹೇಳಲಾರೆ. ಹೊರಳುವುದಿಲ್ಲ ಅಂತಲೇ ನನಗೆ ಅನ್ನಿಸುತ್ತದೆ. ಅವರಿಗೆ ಸಂಜೆ ಕೂಡಲು ಜಾಗ ಬೇಕು, ಹಾಡು ಬೇಕು, ಪಕ್ಕದಲ್ಲಿ ಮನುಷ್ಯರು ಬೇಕು, ಕೊನೆಗೆ ಒಂದು ಉತ್ತರ ಬೇಕು. ನಿನ್ನ ಹತ್ತಿರ ಅದ್ಯಾವುದೂ ಇರಲಿಲ್ಲ. ಇದ್ದದ್ದು ಒಂದು ಖರೆ ಮಾತು. ಅದನ್ನು ಕೇಳಿ ಇಡೀ ಮಂಟಪದಲ್ಲಿ ಒಬ್ಬಳಿಗೆ ನಿದ್ದೆ ಬಂತು. ನಾವೆಲ್ಲ ನಕ್ಕೆವು. ಆ ನಗುವವರ ಜೊತೆ ನಾನೂ ತಲೆ ತಗ್ಗಿಸಿ ಕೂತಿದ್ದೆನಲ್ಲ, ಅದು ನನ್ನನ್ನು ಸುಡುತ್ತಿದೆ. ನನ್ನ ಸುಡುವಿಕೆ ನಾನು ನೋಡಿಕೊಳ್ಳುತ್ತೇನೆ. ನೀನು ನಿನ್ನದು ನೋಡು.

ಬಿಪಿ ಗುಳಿಗೆ ತಪ್ಪದೆ ತೆಗೆದುಕೋ. ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಹೊರಗೆ ಹೋಗು. ಮಲ್ಲಯ್ಯ ನಿನ್ನನ್ನು ಚೆನ್ನಾಗಿ ಇಟ್ಟಿರಲಿ. ನೀನು ಅವನನ್ನು ನಂಬದಿದ್ದರೂ ಇಟ್ಟಿರಲಿ, ಅವನ ಹತ್ತಿರ ಅಷ್ಟು ಹಟ ಮಾಡುವ ಅಧಿಕಾರ ನನಗಿದೆ.

ಬೈದದ್ದಕ್ಕೆ ಬೇಸರ ಮಾಡಿಕೊಳ್ಳದ ತಮ್ಮನಿಗೆ,
ಬೈಯದೆ ಇರಲಾರದ ಅಕ್ಕ,
ಅಕ್ಕವ್ವ

ಆ ಐತವಾರಕ್ಕೆ ಮುಂಚಿನ ಸೋಮವಾರ ಆಗಸ್ಟ್ ಹತ್ತು. ಬರುತ್ತೀಯೋ ಇಲ್ಲವೋ, ಅಷ್ಟರೊಳಗೆ ನಿನ್ನ ಉತ್ತರ ನನ್ನ ಕೈಯಲ್ಲಿರಬೇಕು.